ಒಂದು ಗೇಣು

ರುಸ್ತಾವಿಯ ಫೆಬ್ರವರಿ ಗಾಳಿಗೆ
ಶೆಡ್ಡಿನ ತಗಡು ಹಲ್ಲು ಕಡಿಯುತ್ತಿತ್ತು.
ಲಮಾರಾ ಟೀಚರು ಬಾಗಿಲಲ್ಲೇ ನಿಂತು
“ಬೋಂದೋ, ಆ ಕೆಂಪು ದೀಪ ಮತ್ತೆ” ಅಂದರು.
ಏರ್‌ಬ್ಯಾಗಿನ ದೀಪ. ಎದೆಯ ಮುಂದೆ ಚೆಂಡು ಹಿಡಿದು ಕೂತ
ಪುಟ್ಟ ಮನುಷ್ಯನ ಚಿತ್ರ.
“ಗುಂಡಿ ಹಾರಿದರೆ ಹತ್ತುತ್ತೆ, ಸೀಟು ಎಳೆದರೆ ಹತ್ತುತ್ತೆ,
ನನ್ನ ಮೇಲೆ ಏನೋ ಸಿಟ್ಟು ಅದಕ್ಕೆ.”

ಸ್ಕ್ಯಾನರ್ ಚುಚ್ಚಿದೆ. ಒಂದು ಅಂಕಿ ಉಗುಳಿತು:
ಚಾಲಕನ ಸೀಟು, ಜಾಗ ಹೇಳುವ ಸೆನ್ಸರು, ಸಂಪರ್ಕ ಇಲ್ಲ.
ಅಂಕಿ ನಂಬಿ ಸಾಮಾನು ಬದಲಿಸುವವರು ಬೇರೆ ಇದ್ದಾರೆ,
ರಸ್ತೆಯಾಚೆ, ಹೊಸ ಬೋರ್ಡಿನ ಕೆಳಗೆ.
ಅಂಕಿ ಎಲ್ಲಿ ನೋವು ಅಂತ ಹೇಳುತ್ತದೆ.
ಯಾಕೆ ಅಂತ ಬಗ್ಗಿ ನೋಡಬೇಕು.

ಬ್ಯಾಟರಿಯ ಮೈನಸ್ ಕಳಚಿ ಕಾದೆ,
ಚೀಲದ ಹಿಂದಿನ ಸಿಡಿಮದ್ದಿಗೆ ನಿದ್ದೆ ಹತ್ತುವ ತನಕ.
ಕಾಯುತ್ತಾ ಹೇಳಿದೆ: ಸೀಟಿನ ಹಳಿಯ ಮೇಲೆ
ಅಯಸ್ಕಾಂತ ನುಂಗಿದ ಒಂದು ಚಿಕ್ಕ ಡಬ್ಬಿ ಇರುತ್ತೆ ಟೀಚರ್.
ಸೀಟು ಮುಂದಿದ್ದರೆ, ಕೂತವರು ಹತ್ತಿರ ಇದ್ದಾರೆ,
ಮೆಲ್ಲಗೆ ಸಿಡಿ, ಅನ್ನುತ್ತೆ.
ಹಿಂದಿದ್ದರೆ, ದೂರ ಇದ್ದಾರೆ, ಪೂರ್ತಿ ಬಾ.
ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವರು ನಕ್ಕರು:
“ಅಂದರೆ ನನ್ನಂಥ ಕುಳ್ಳಿಯರ ವಕೀಲ.”

ಮೀಟರು ಸೇರಿಸಿ, ಕರೆಂಟು ಕೊಟ್ಟು, ಸೀಟು ಮುಂದೆ ತಳ್ಳಿದೆ.
ಹಿಂದೆ ಎಳೆದೆ.
ಅಂಕಿ ಏರಬೇಕು, ಇಲ್ಲ ಇಳಿಯಬೇಕು.
ಅಲುಗಲಿಲ್ಲ.
ತಂತಿ ಜಗ್ಗಿದರೆ ಸೊನ್ನೆ, ಬಿಟ್ಟರೆ ಮತ್ತೆ ಅದೇ.

ಟಾರ್ಚು ಕಚ್ಚಿಕೊಂಡು ಅಂಗಾತ ಮಲಗಿದೆ.
ಸೂರ್ಯಕಾಂತಿ ಬೀಜದ ಸಿಪ್ಪೆ, ಹೇರ್‌ಪಿನ್ನು,
ಇಪ್ಪತ್ತು ತೆತ್ರಿಯ ನಾಣ್ಯ, ಬೆರಳುದ್ದದ ಸೀಮೆಸುಣ್ಣ.
ಸೆನ್ಸರು ಕೂರಬೇಕಾದ ಕಡೆ
ಎರಡು ಖಾಲಿ ತೂತು.
ತಂತಿಯ ತುದಿಗೆ ಕಪ್ಪು ಟೇಪಿನ ಗಂಟು.
ಬಿಡಿಸಿದರೆ ಒಳಗೆ, ಅಕ್ಕಿಕಾಳಿನಷ್ಟು,
ಬಣ್ಣದ ಪಟ್ಟೆಯ ಒಂದು ರೆಸಿಸ್ಟರು,
ಬೆಸುಗೆ ಬಿರುಕು ಬಿಟ್ಟು ಒಂದು ಕಾಲಲ್ಲಿ ನಿಂತಿತ್ತು.

ಟೇಪನ್ನು ಎಡಕ್ಕೆ ಸುತ್ತಿದ್ದರು.
ಮೂರು ಸುತ್ತು, ಕೊನೆಗೆ ಹಲ್ಲಿಂದ ಕಚ್ಚಿ ಹರಿದದ್ದು.
ಈ ಊರಲ್ಲಿ ಎಡಗೈ ಮೆಕ್ಯಾನಿಕ್ಕುಗಳು ಎಷ್ಟೋ ಗೊತ್ತಿಲ್ಲ.
ನನಗೆ ಗೊತ್ತಿರುವುದು ಒಬ್ಬನೇ.

ಒಂಬತ್ತು ವರ್ಷದ ಹಿಂದೆ. ಪೋತಿ ಬಂದರಿನಿಂದ ಲಾರಿಯಲ್ಲಿ ಬಂದವು,
ಅಮೆರಿಕದಲ್ಲಿ ಎಲ್ಲೋ ಗುದ್ದಿಸಿಕೊಂಡು
ಹರಾಜಾದ ಕಾರುಗಳು. ಒಂದರ ಡ್ಯಾಶ್‌ಬೋರ್ಡಿನಲ್ಲಿ
ಇನ್ನೂ ಯಾರದೋ ಕನ್ನಡಕ ಇತ್ತು.
ಒಂದೇ ರಾತ್ರಿ ನಾಲ್ಕು. ಕಾರಿಗೆ ಹದಿನೈದು ಲಾರಿ ಕೂಲಿ.
“ದೀಪ ಆರಿಸು ಸಾಕು,” ಅಂದಿದ್ದ ಶೋತಿಕೋ,
“ಸೀಟಿನ ಕೆಳಗೆ ಯಾವ ಪುಣ್ಯಾತ್ಮ ಬಗ್ಗಿ ನೋಡ್ತಾನೆ?”
ಆರಿಸಿದೆ. ಚಳಿಯಿತ್ತು, ಇಪ್ಪತ್ತಾರು ವಯಸ್ಸು.
ಕೊಳ್ಳುವವರೆಲ್ಲ ನನ್ನಷ್ಟೇ ಎತ್ತರ ಅಂದುಕೊಂಡಿದ್ದೆ,
ಅಥವಾ ಏನೂ ಅಂದುಕೊಂಡಿರಲಿಲ್ಲ.

ಮೇಲೆದ್ದು, ಅವರ ಅಳತೆಯ ಸೀಟಿನಲ್ಲಿ ಹಾಗೇ ಕೂತೆ.
ಮೊಣಕಾಲು ಸ್ಟೀರಿಂಗಿಗೆ ತಾಗಿತು.
ಅಲ್ಲಿಂದ ಎದೆಗೆ ಗೇಣು ಹಾಕಿ ನೋಡಿದೆ.
ಒಂದು. ಸರಿಯಾಗಿ ಒಂದು.
ಒಂಬತ್ತು ವರ್ಷ ಆ ಅಕ್ಕಿಕಾಳು
ಈ ಗೇಣನ್ನು ದೂರ, ದೂರ ಎಂದು ಹೇಳುತ್ತಲೇ ಇತ್ತು.

“ಏನಾಗಿತ್ತಪ್ಪ?”
ಕಳ್ಳನ ಮನಸ್ಸು ಹುಳ್ಳಹುಳ್ಳಗೆ.
“ಏನು ಕೇಳಿದರೂ ಒಂದೇ ಉತ್ತರ ಹೇಳ್ತಿತ್ತು ಟೀಚರ್.”
“ಅಂಥ ಹುಡುಗರು ನನ್ನ ಕ್ಲಾಸಲ್ಲೂ ಇದ್ದರು.
ಅವರನ್ನೇನು ಬಯ್ಯೋದು. ಹೇಳಿಕೊಟ್ಟವರನ್ನ ಬಯ್ಯಬೇಕು.”
ಅವರು ಕೈಗವಸು ಹುಡುಕುತ್ತಿದ್ದರು, ನನ್ನ ಕಡೆ ನೋಡಲಿಲ್ಲ.

ಗುಜರಿಯಲ್ಲಿ ಅದೇ ಮಾದರಿಯ ಸೆನ್ಸರು ಸಿಕ್ಕಿತು.
ಕೂರಿಸಿ ಸೀಟು ತಳ್ಳಿದರೆ ಅಂಕಿ ಇಳಿಯಿತು, ಎಳೆದರೆ ಏರಿತು.
ದುಡ್ಡು ಬೇಡ ಅಂದೆ. ಯಾಕೆ ಅಂದರು.
ಹಳೇ ಗ್ಯಾರಂಟಿ, ಅಂದೆ.

ಉಳಿದವು ಮೂರು. ಒಂದು ಬಿಳಿ, ಎರಡು ಬೂದು.
ಈಗ ಸಿಗ್ನಲ್ಲಿನಲ್ಲಿ ಬೂದು ಕಾರು ಪಕ್ಕಕ್ಕೆ ನಿಂತರೆ
ನಾನು ನಂಬರ್ ನೋಡುವುದಿಲ್ಲ, ಮುಖ ನೋಡುವುದಿಲ್ಲ.
ಸೀಟು ಎಷ್ಟು ಮುಂದಿದೆ
ನೋಡುತ್ತೇನೆ.